ಲೆನ್ಸ್ ಕೊಳ್ಳುವ ಮೊದಲು ಕೈಯ ಪರೀಕ್ಷೆ

9 ಜೂನ್ 2024, ಭಾನುವಾರ

ಕ್ಯಾಮೆರಾದ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್ (ಈ ಅಂಕಿ ಲೆನ್ಸಿನ ಫೋಕಲ್ ಲೆಂತ್; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಹಗಲಿನಲ್ಲಿ ನನಗೆ ಎಂದೂ ಕೊರತೆ ಮಾಡಿಲ್ಲ. ಆದರೆ ಸಂಜೆಯ ಹೊತ್ತು ಸಭಾಂಗಣದೊಳಗೆ, ವೇದಿಕೆಯ ಮಂದ ಬೆಳಕಿನಲ್ಲಿ ತೆಗೆದ ಚಿತ್ರಗಳು ಬಹುಪಾಲು ಮಸುಕಾಗಿಯೇ ಬರುತ್ತವೆ. ಇದಕ್ಕೆ ಪರಿಹಾರವೆಂದು ಎರಡು ಲೆನ್ಸ್‌ಗಳು ಬಹಳ ದಿನಗಳಿಂದ ಮನಸ್ಸಿನಲ್ಲಿವೆ. ಒಂದು, ಕೈ ಅಲುಗಾಟವನ್ನು ತಡೆಯುವ ವ್ಯವಸ್ಥೆ ಇರುವ 55–250 ಮಿ.ಮೀ. ಝೂಮ್, ಇನ್ನೊಂದು, ಅಂಥ ವ್ಯವಸ್ಥೆ ಏನೂ ಇಲ್ಲದ, ಆದರೆ ಎಫ್ 1.8ರವರೆಗೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ತೆರೆದುಕೊಳ್ಳುವ 85 ಮಿ.ಮೀ. ಪ್ರೈಮ್, ಅಂದರೆ ಝೂಮ್ ಇಲ್ಲದ ಲೆನ್ಸ್. ಇವೆರಡರ ಗುಣವಿಶೇಷಗಳ ಪಟ್ಟಿಯನ್ನು ಮತ್ತೆ ಮತ್ತೆ ಓದುವುದನ್ನು ಬಿಟ್ಟು, ಇಂದು ನನ್ನ ಹಳೆಯ ಮಸುಕು ಚಿತ್ರಗಳನ್ನೇ ಪರದೆಯ ಮೇಲೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತ ಕುಳಿತೆ. ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ ಎಂದು ಈಗ ನನಗೆ ದೃಢವಾಗಿ ಅನ್ನಿಸಿದೆ.

ಮಸುಕು ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ಮೂರು ಬೇರೆ ಬೇರೆ ದೋಷಗಳಿವೆ, ಮತ್ತು ಹಿಗ್ಗಿಸಿ ನೋಡಿದಾಗ ಪ್ರತಿಯೊಂದೂ ತನ್ನ ಗುರುತನ್ನು ತಾನೇ ತೋರಿಸುತ್ತದೆ. ಒಂದು ಚಿತ್ರದಲ್ಲಿ ವೇದಿಕೆಯ ಅಂಚಿಗೆ ಸಾಲಾಗಿ ಕಟ್ಟಿದ್ದ ಸಣ್ಣ ದೀಪಗಳಿದ್ದವು. ಚುಕ್ಕೆಗಳಾಗಿರಬೇಕಿದ್ದ ಆ ದೀಪಗಳು ಒಂದೊಂದೂ ಕೆಳಕ್ಕೆ ಎಳೆದು ಬಲಕ್ಕೆ ಬಾಗಿದ ಪುಟ್ಟ ಕೊಕ್ಕೆಯಂತಾಗಿದ್ದವು. ಎಡತುದಿಯಿಂದ ಬಲತುದಿಯವರೆಗೂ ಎಲ್ಲ ಕೊಕ್ಕೆಗಳದ್ದೂ ಒಂದೇ ಆಕಾರ, ಒಂದೇ ದಿಕ್ಕು. ಇದು ಕೈ ಅಲುಗಿದ್ದರ ಸ್ಪಷ್ಟ ಸಾಕ್ಷಿ. ಇನ್ನೊಂದರಲ್ಲಿ ಹಿಂದಿನ ಪರದೆಯ ನೆರಿಗೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದು, ನರ್ತಕಿಯ ಮುಂಗೈ ಮಾತ್ರ ಹೊಗೆಯಾಗಿತ್ತು. ಅಲ್ಲಿ ಅಲುಗಿದ್ದು ಕ್ಯಾಮೆರಾ ಅಲ್ಲ, ಕೈ ಬೀಸಿದ ನರ್ತಕಿ. ಮೂರನೆಯದರಲ್ಲಿ ಮೈಕಿನ ಜಾಲರಿ ನಿಚ್ಚಳವಾಗಿದ್ದು ಅದರ ಹಿಂದಿನ ಮುಖ ಮೃದುವಾಗಿತ್ತು. ಅದು ಫೋಕಸ್ ತಪ್ಪಿದ್ದು. ಅಲುಗಾಟ ತಡೆಯುವ ಲೆನ್ಸ್ ಸರಿಪಡಿಸಬಲ್ಲದ್ದು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ. ನನ್ನ ಸಂಗ್ರಹದಲ್ಲಿ ಎರಡನೆಯ ಬಗೆಯವೇ ಹೆಚ್ಚಾಗಿರುವುದನ್ನು ಕಂಡಾಗ ಝೂಮ್ ಲೆನ್ಸಿನ ಕಡೆಗಿದ್ದ ಒಲವು ಅಲ್ಲೇ ಸ್ವಲ್ಪ ಸಡಿಲವಾಯಿತು.

ಉದ್ದ ಲೆನ್ಸ್ ಹಾಕಿದೊಡನೆ ಕೈ ನಡುಕ ಹೆಚ್ಚಾದಂತೆ ಕಾಣುವುದೇಕೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಳಗೆ ಬೆಳಕು ಬಿಡುವ ಶಟರ್ ತೆರೆದಿರುವಾಗ ಕ್ಯಾಮೆರಾ ಒಂದು ಡಿಗ್ರಿಯ ನೂರರಲ್ಲಿ ಒಂದು ಭಾಗದಷ್ಟು ವಾಲಿತು ಎಂದಿಟ್ಟುಕೊಳ್ಳೋಣ. 50 ಮಿ.ಮೀ. ಲೆನ್ಸಿನಲ್ಲಿ ಚಿತ್ರವನ್ನು ದಾಖಲಿಸುವ ಸೆನ್ಸರಿನ ಮೇಲಿನ ಬಿಂಬ ಸುಮಾರು 9 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸರಿಯುತ್ತದೆ, 200 ಮಿ.ಮೀ. ಲೆನ್ಸಿನಲ್ಲಿ ಅದೇ ವಾಲುವಿಕೆಗೆ ಸುಮಾರು 35 ಮೈಕ್ರಾನ್ ಸರಿಯುತ್ತದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 4 ಮೈಕ್ರಾನ್ ಆದ್ದರಿಂದ, ಮೊದಲನೆಯದರಲ್ಲಿ ಎರಡು ಪಿಕ್ಸೆಲ್‌ನಷ್ಟು ಕಲಸಿದರೆ ಎರಡನೆಯದರಲ್ಲಿ ಒಂಬತ್ತು ಪಿಕ್ಸೆಲ್‌ನಷ್ಟು ಕಲಸುತ್ತದೆ. ಕೈ ನಡುಗಿದ್ದು ಅಷ್ಟೇ. ಉದ್ದ ಕೋಲಿನ ಬುಡ ಕೂದಲೆಳೆಯಷ್ಟು ಅಲುಗಿದರೂ ತುದಿ ದೂರ ಸರಿಯುವ ಹಾಗೆ, ಫೋಕಲ್ ಲೆಂತ್ ಬೆಳೆದಂತೆ ಅದೇ ನಡುಕದ ಪರಿಣಾಮ ಬೆಳೆಯುತ್ತದೆ.

ಫೋಕಲ್ ಲೆಂತ್ ಎಷ್ಟು ಮಿ.ಮೀ. ಇದೆಯೋ ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗಕ್ಕಿಂತ ನಿಧಾನವಾದ ಶಟರ್ ವೇಗಕ್ಕೆ ಇಳಿಯಬಾರದೆಂಬ ಹಳೆಯ ಸೂತ್ರ ಹುಟ್ಟಿದ್ದು ಇದೇ ಲೆಕ್ಕದಿಂದ. 50 ಮಿ.ಮೀ.ಗೆ 1/50, 200 ಮಿ.ಮೀ.ಗೆ 1/200. ಸೆನ್ಸರ್ ಹಳೆಯ ಫಿಲ್ಮಿನ 36×24 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ, ಎಪಿಎಸ್-ಸಿಗೆ 1.5ರಿಂದ (ಕ್ಯಾನನ್ ಆದರೆ 1.6ರಿಂದ), ಅದಕ್ಕಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್‌ಗೆ 2ರಿಂದ ಗುಣಿಸಿಕೊಳ್ಳಬೇಕು. ಆದರೆ ಈ ಸೂತ್ರ ಫಿಲ್ಮಿನ ಕಾಲದ್ದು. ಆಗ ಚಿತ್ರವನ್ನು ಸಾಧಾರಣ ಗಾತ್ರದ ಪ್ರಿಂಟಿನಲ್ಲಿ, ಒಂದಷ್ಟು ದೂರದಿಂದ ನೋಡುತ್ತಿದ್ದರು. ಇಂದಿನ ಸೆನ್ಸರಿನ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ನೋಡುವವರು ಆ ವೇಗವನ್ನು ಇಮ್ಮಡಿ ಮಾಡಿಕೊಳ್ಳುವುದೇ ಕ್ಷೇಮ.

ಸೂತ್ರ ಎಲ್ಲರಿಗೂ ಒಂದೇ, ಕೈ ಒಬ್ಬೊಬ್ಬರದ್ದು ಒಂದೊಂದು ಬಗೆ. ಆದ್ದರಿಂದ ಮಧ್ಯಾಹ್ನ ಗೋಡೆಗೆ ಪತ್ರಿಕೆಯ ಒಂದು ಹಾಳೆಯನ್ನು ಅಂಟಿಸಿ, ಲೆನ್ಸನ್ನು 55 ಮಿ.ಮೀ.ಗೆ ಇಟ್ಟು, 1/125ರಿಂದ ಆರಂಭಿಸಿ 1/60, 1/30, 1/15, 1/8 ಎಂದು ಇಳಿಯುತ್ತ ಬಂದೆ. ಒಮ್ಮೊಮ್ಮೆ ಅದೃಷ್ಟದಿಂದಲೂ ಚಿತ್ರ ಸ್ಪಷ್ಟವಾಗಿ ಬರುವುದರಿಂದ ಪ್ರತಿ ವೇಗದಲ್ಲೂ ಹಲವು ಚಿತ್ರಗಳನ್ನು ತೆಗೆದು, ಎಷ್ಟು ಪಾಲು ಚೆನ್ನಾಗಿವೆ ಎಂದು ನೋಡುವುದು ಮುಖ್ಯ. ಈ ಪರೀಕ್ಷೆಗೆ ನಮ್ಮ ಲಿಪಿಗಿಂತ ಒಳ್ಳೆಯ ಸಾಧನ ಬೇಡ: ಚಿತ್ರ ಅಲುಗಿದಾಗ ಮೊದಲು ಕರಗುವುದು ಸಣ್ಣ ಒತ್ತಕ್ಷರಗಳು, ಆಮೇಲೆ ತಲೆಕಟ್ಟುಗಳು. ತಲೆಕಟ್ಟಿನ ಅಡ್ಡಗೆರೆ ಎರಡಾಗಿ ಕಂಡರೆ ಕ್ಯಾಮೆರಾ ಮೇಲೆ ಕೆಳಗೆ ಅಲುಗಿದೆ ಎಂದು ಅರ್ಥ, ಮತ್ತು ಅದಕ್ಕೆ ಸಾಮಾನ್ಯವಾಗಿ ಕಾರಣ ಶಟರ್ ಗುಂಡಿಯನ್ನು ಬೆರಳು ಕುಟ್ಟುವುದು. ಈ 18–55 ಲೆನ್ಸಿನಲ್ಲೂ ಇರುವ ಅಲುಗಾಟ ತಡೆಯುವ ಸ್ವಿಚ್ಚನ್ನು ಆಫ್ ಮಾಡಿದ್ದಾಗ ನನ್ನ ಕೈ 1/125ರಲ್ಲಿ ಭದ್ರ, 1/60ರಲ್ಲಿ ಸುಮಾರು, 1/30ರಿಂದ ಕೆಳಗೆ ನಂಬುವಂತಿಲ್ಲ. ಸ್ವಿಚ್ಚು ಹಾಕಿದಾಗ 1/15ರವರೆಗೂ ಒತ್ತಕ್ಷರಗಳು ಉಳಿದವು.

ಅದೇ ಹಾಳೆಯ ಮುಂದೆ ನಿಲ್ಲುವ ಭಂಗಿಯನ್ನೂ ಬದಲಿಸಿ ನೋಡಿದೆ. ಎಡಗೈಯನ್ನು ಲೆನ್ಸಿನ ಬದಿಗೆ ಹಿಡಿಯದೆ ಅಂಗೈಯನ್ನು ಅಡಿಯಿಂದ ಕೊಟ್ಟು ಭಾರ ಹೊರುವುದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳುವುದು, ವ್ಯೂಫೈಂಡರನ್ನು ಹುಬ್ಬಿಗೆ ತಾಗಿಸಿ ಮುಖವನ್ನೇ ಮೂರನೆಯ ಆಸರೆಯಾಗಿ ಮಾಡಿಕೊಳ್ಳುವುದು, ಉಸಿರನ್ನು ಅರ್ಧ ಬಿಟ್ಟು ಆ ಬಿಡುವಿನಲ್ಲಿ ಗುಂಡಿಯನ್ನು ಒತ್ತುವ ಬದಲು ಬೆರಳನ್ನು ಅದರ ಮೇಲೆ ಉರುಳಿಸುವುದು, ಇವೆಲ್ಲ ಸೇರಿದರೆ ಸ್ವಿಚ್ಚಿನ ನೆರವಿಲ್ಲದೆಯೂ 1/30 ನಂಬಿಕೆಗೆ ಅರ್ಹವಾಗುತ್ತದೆ. ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ತೆಗೆದರೆ ನಡುವಿನವು ಮೊದಲಿನದಕ್ಕಿಂತ ಸ್ಪಷ್ಟವಾಗಿರುತ್ತವೆ, ಏಕೆಂದರೆ ಬೆರಳಿನ ಆಘಾತ ಮೊದಲಿನದಕ್ಕೇ ತಟ್ಟಿರುತ್ತದೆ. ತೋಳು ಚಾಚಿ, ಹಿಂಬದಿಯ ಪರದೆ ನೋಡಿಕೊಂಡು ತೆಗೆಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

ಅಲುಗಾಟ ತಡೆಯುವ ತಂತ್ರದ ಬಗ್ಗೆ ನನಗೆ ಅಪಾರ ಗೌರವವಿದೆ. ಲೆನ್ಸಿನೊಳಗಿನ ಪುಟ್ಟ ಗೈರೋ ಸಂವೇದಕಗಳು ವಾಲುವಿಕೆಯನ್ನು ಅಳೆದು, ಗಾಜಿನ ಒಂದು ಗುಂಪನ್ನು ಎದುರು ದಿಕ್ಕಿಗೆ ಸರಿಸಿ ಬಿಂಬವನ್ನು ನಿಂತಲ್ಲೇ ನಿಲ್ಲಿಸುತ್ತವೆ. ಕ್ಯಾನನ್ 1995ರಲ್ಲಿ ತನ್ನ 75–300 ಮಿ.ಮೀ. ಲೆನ್ಸಿನೊಂದಿಗೆ ಇದನ್ನು ಲೆನ್ಸ್ ಬದಲಿಸಬಹುದಾದ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ತಂದಿತು. ಮಿನೋಲ್ಟಾ 2003ರ ಡಿಮಾಜ್ ಎ1ರಲ್ಲಿ ಲೆನ್ಸಿನ ಬದಲು ಸೆನ್ಸರನ್ನೇ ಸರಿಸುವ ದಾರಿ ಹಿಡಿಯಿತು. ಇದರ ಶಕ್ತಿಯನ್ನು ಸ್ಟಾಪ್‌ಗಳಲ್ಲಿ ಹೇಳುತ್ತಾರೆ, ಮತ್ತು ಒಂದೊಂದು ಸ್ಟಾಪ್ ಎಂದರೆ ಶಟರ್ ತೆರೆದಿರುವ ಹೊತ್ತು ಇಮ್ಮಡಿಯಾಗುವುದು. ಇಂದು 1/125ರಿಂದ 1/15ಕ್ಕೆ ಇಳಿದದ್ದು ಮೂರು ಸ್ಟಾಪ್. ನಿಂತ ಕಟ್ಟಡಕ್ಕೆ, ಬೆಟ್ಟಕ್ಕೆ, ಕುಳಿತ ಹಕ್ಕಿಗೆ ಇದು ದೊಡ್ಡ ವರ. ಆದರೆ ನರ್ತಕಿಯ ಮುಂಗೈಯನ್ನು ಯಾವ ಗೈರೋ ಕೂಡ ನಿಲ್ಲಿಸಲಾರದು; ಅದಕ್ಕೆ ಕಡಿಮೆ ಎಂದರೂ 1/250 ಬೇಕು, ಚುರುಕಾದ ಚಲನೆಗೆ 1/500.

ಆ ವೇಗಕ್ಕೆ ಬೇಕಾದ ಬೆಳಕನ್ನು ಕೊಡುವುದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ತೆರಪು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಝೂಮ್ ಲೆನ್ಸ್ 1/30ಕ್ಕೆ ತಡವರಿಸುವ ವೇದಿಕೆಯಲ್ಲಿ ಪ್ರೈಮ್ ಲೆನ್ಸಿಗೆ ಅದೇ ಐಎಸ್‌ಒದಲ್ಲಿ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ) 1/250 ಸಲೀಸಾಗಿ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಸ್ಪಷ್ಟವಾಗಿ ಕಾಣುವ ಪದರದ ತೆಳುವು: 85 ಮಿ.ಮೀ., ಎಫ್ 1.8, ಮೂರು ಮೀಟರ್ ದೂರ ಎಂದರೆ ನನ್ನ ಸೆನ್ಸರಿನಲ್ಲಿ ಸುಮಾರು 9 ಸೆಂ.ಮೀ. ಅಷ್ಟೇ. ಕಣ್ಣಿಗೆ ಫೋಕಸ್ ಮಾಡಿದರೆ ಮುಂದಕ್ಕೆ ಚಾಚಿದ ಕೈ ಮಸುಕಾಗುತ್ತದೆ. ಎಫ್ 2.8ಕ್ಕೆ ಇಳಿಸಿ, ಉಳಿದದ್ದನ್ನು ಐಎಸ್‌ಒ ಏರಿಸಿ ತುಂಬಿಸಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ನಡುದಾರಿ. ಐಎಸ್‌ಒ ಏರಿದಾಗ ಬರುವ ಕಾಳುಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಕಡಿಮೆ ಮಾಡಬಹುದು. ಅಲುಗಿದ ಚಿತ್ರವನ್ನು ಹಾಗೆ ಮರಳಿ ಪಡೆಯುವುದು ಬಹಳ ಕಷ್ಟ.

ಕೊನೆಗೆ, ವೇದಿಕೆಯ ಚಿತ್ರಗಳಲ್ಲಿ ದಾಖಲಾಗಿರುವ ಫೋಕಲ್ ಲೆಂತ್‌ಗಳನ್ನು ನೋಡಿದೆ. ಬಹುತೇಕ ಎಲ್ಲವೂ 55ರ ತುದಿಯಲ್ಲಿ ತೆಗೆದವು, ಮತ್ತು ಅವುಗಳ ಅಂಚುಗಳನ್ನು ಕತ್ತರಿಸಿ ನಾನು ಇನ್ನಷ್ಟು ಹತ್ತಿರಕ್ಕೆ ತಂದುಕೊಂಡಿದ್ದೇನೆ. 200ರ ಆಚೆಗಿನ ಅಗತ್ಯ ನನಗೆ ಬೀಳುವುದು ಹಗಲಿನಲ್ಲಿ, ಹಕ್ಕಿಗಳಿಗೆ ಮಾತ್ರ, ಅದು ಕಾಯಬಹುದು. ಆದ್ದರಿಂದ 85 ಮಿ.ಮೀ. ಪ್ರೈಮ್ ಎಂದು ನಿರ್ಧಾರವಾಯಿತು. ಸೂತ್ರದ ಪ್ರಕಾರ 85ನ್ನು 1.5ರಿಂದ ಗುಣಿಸಿದರೆ 1/125, ಇಮ್ಮಡಿ ಮಾಡಿದರೆ 1/250; ನರ್ತಕಿಯ ಚಲನೆ ಕೇಳುವ ಕನಿಷ್ಠ ವೇಗವೂ ಅದೇ ಆದ್ದರಿಂದ ಈ ಲೆನ್ಸಿಗೆ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲದಿರುವುದು ನನ್ನ ಕೆಲಸದಲ್ಲಿ ಕೊರತೆಯಾಗುವುದಿಲ್ಲ. ಕ್ಯಾಮೆರಾದ ಆಟೋ ಐಎಸ್‌ಒದಲ್ಲಿ ಕನಿಷ್ಠ ಶಟರ್ ವೇಗವನ್ನು 1/250ಕ್ಕೂ, ಗರಿಷ್ಠ ಐಎಸ್‌ಒವನ್ನು 6400ಕ್ಕೂ ಇಂದೇ ಹೊಂದಿಸಿಟ್ಟಿದ್ದೇನೆ.