ಒಂಟಿ ತಂತಿಯ ಪೆಟ್ಟಿಗೆ: ಒಂದು ಸಾಲ್ಮೊಡಿಕಾನ್ ಮಾಡಿದ ಟಿಪ್ಪಣಿಗಳು

ಅಕ್ಟೋಬರ್ 19

ಸಾಲ್ಮೊಡಿಕಾನ್ ಅಂದರೆ ಕಮಾನಿನಿಂದ ನುಡಿಸುವ ಒಂಟಿ ತಂತಿಯ ವಾದ್ಯ. ಅದನ್ನು ಮಾಡುವ ಈ ಕೆಲಸ ಶುರುವಾದದ್ದು ಮೀನಿನ ಊಟದಲ್ಲಿ. ಸಸ್ಯಾಹಾರಿಯಾದ ನಾನು ಅಲ್ಲಿಗೆ ಹೋದದ್ದೇಕೆ ಅಂದರೆ, ಆಫೀಸಿನ ಗೆಳೆಯ ಬಿಡಲಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಲೂಥರನ್ ಚರ್ಚುಗಳ ನೆಲಮಾಳಿಗೆಯಲ್ಲಿ ಲೂಟಫಿಸ್ಕ್ ಊಟ ಹಾಕುತ್ತಾರೆ. ಒಣಗಿದ ಕಾಡ್ ಮೀನನ್ನು ಕ್ಷಾರದಲ್ಲಿ ನೆನೆಸಿ, ಆಮೇಲೆ ದಿನಗಟ್ಟಲೆ ಬರೀ ನೀರಿನಲ್ಲಿ ತೊಳೆದು ಬೇಯಿಸುವುದು. ತಟ್ಟೆಯಲ್ಲಿ ಅದು ನಡುಗುತ್ತಿರುತ್ತದೆ. ವಾಸನೆಯ ಬಗ್ಗೆ ಅವರೇ ಜೋಕು ಮಾಡಿಕೊಳ್ಳುತ್ತಾರೆ, ನಾನು ಬೇರೆ ಹೇಳಬೇಕಿಲ್ಲ. ನನ್ನ ಪಾಲಿಗೆ ಸಿಕ್ಕಿದ್ದು ಲೆಫ್ಸೆ. ಆಲೂಗಡ್ಡೆಯ ಕಣಕವನ್ನು ಗೀರುಗೀರಾದ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ಉದ್ದನೆಯ ಚಪ್ಪಟೆ ಕಡ್ಡಿಯಿಂದ ಎತ್ತಿ ಕಾವಲಿಗೆ ಹಾಸುತ್ತಾರೆ. ಹರಿಯುವುದೇ ಇಲ್ಲ! ಹೋಳಿಗೆ ಮಾಡುವ ಮನೆಯಲ್ಲಿ ಬೆಳೆದವನು ನಾನು. ಆ ಕಡ್ಡಿಯ ಕೈಚಳಕ ನೋಡುತ್ತ ನಿಂತುಬಿಟ್ಟೆ.

ಕೈ ತೊಳೆಯಲು ಹೋದಾಗ ಬೀರುವಿನ ಮೇಲೆ ಧೂಳು ಹಿಡಿದ ಉದ್ದನೆಯ ಪೆಟ್ಟಿಗೆ ಕಂಡಿತು. ಮಗ್ಗದ ಭಾಗ ಇರಬೇಕು ಅಂದುಕೊಂಡೆ. ಇಳಿಸಿ ನೋಡಿದರೆ ತಂತಿ ಬಿಗಿಯುವ ಒಂದು ಬಿರಡೆ, ತಂತಿ ಕೂರುವ ಒಂದು ಕುದುರೆ, ಸ್ವರಕ್ಕೆ ಬೆರಳೊತ್ತುವ ಮರದ ಮೆಟ್ಟುಗಳು ಸಾಲಾಗಿ. ತಂತಿ ಇಲ್ಲ. ಮೆಟ್ಟುಗಳ ಪಕ್ಕದಲ್ಲಿ ಮಾಸಿದ ಬಣ್ಣದಲ್ಲಿ 1, 2, 3, 4, 5, 6, 7. ಮತ್ತೆ 1.

ಚರ್ಚಿನ ಹಾಡುಗಾರರ ತಂಡ (ಕಾಯಿರ್) ನಡೆಸುವಾಕೆ ಹಿಂದಿನಿಂದ ಬಂದು, “ಅದು ಸಾಲ್ಮೊಡಿಕಾನ್. ನುಡಿಸುವವರು ತೀರಿಹೋಗಿ ಎಷ್ಟೋ ವರ್ಷ ಆಯಿತು” ಅಂದರು. ಇದನ್ನು ಬಿಚ್ಚಬೇಡ, ಬೇಕಾದರೆ ಅಳತೆ ತಗೊಂಡು ಹೊಸದು ಮಾಡು ಎಂದೂ ಹೇಳಿದರು. ಮರದ ಖರ್ಚು ಮೀನಿನ ಊಟದ ದುಡ್ಡಿನಲ್ಲಿ. ಎರಡು ಮಾಡುವುದೆಂದು ಮಾತಾಯಿತು.

ನವೆಂಬರ್ 2

ಓದಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಸ್ವೀಡನ್, ನಾರ್ವೆಯ ಹಳ್ಳಿ ಚರ್ಚುಗಳಲ್ಲಿ ಆರ್ಗನ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಜನ ಕೀರ್ತನೆಗಳನ್ನು ತಮಗೆ ತೋಚಿದಂತೆ ಎಳೆದು ಹಾಡುತ್ತಿದ್ದರು, ಊರಿಗೊಂದು ಮಟ್ಟು. ಪಿಟೀಲು ಇತ್ತಲ್ಲ ಅಂದರೆ, ಅದು ಮದುವೆಯ ಕುಣಿತಕ್ಕೆ, ಕುಡಿತಕ್ಕೆ ಸೇರಿದ್ದು. ಕಟ್ಟಾ ಧಾರ್ಮಿಕರಿಗೆ ಅದು ಸೈತಾನನ ವಾದ್ಯ. ನಾರ್ವೆಯಲ್ಲಿ ಭಕ್ತಿಯ ಅಲೆ ಎದ್ದಾಗ ಹಾರ್ಡಾಂಗರ್ ಪಿಟೀಲುಗಳನ್ನು ಒಡೆದು ಬೆಂಕಿಗೆ ಹಾಕಿದವರಿದ್ದಾರೆ. ಹಾಗಾಗಿ ಪಾಪ ಅಂಟದ, ಅಗ್ಗದ, ಬಡಗಿ ಅಲ್ಲದವನೂ ಮಾಡಬಹುದಾದ ಒಂದು ವಾದ್ಯ ಬೇಕಿತ್ತು. ಒಂದು ಪೆಟ್ಟಿಗೆ, ಒಂದು ತಂತಿ, ಒಂದು ಕಮಾನು. ಇದನ್ನು ಸ್ವೀಡನ್ನಿನಲ್ಲಿ ಹಬ್ಬಿಸಿದವನು ಯೋಹಾನ್ನೆಸ್ ಡಿಲ್ನರ್ ಎಂಬ ಪಾದ್ರಿ. 1830ರಲ್ಲಿ ಆತ ಚರ್ಚಿನ ಕೀರ್ತನೆಗಳ ಮಟ್ಟುಗಳನ್ನು ಬರೀ ಅಂಕಿಗಳಲ್ಲಿ ಅಚ್ಚು ಹಾಕಿಸಿದ. ನಾರ್ವೆಯಲ್ಲಿ ಲಾರ್ಸ್ ರೋವೆರುಡ್ ಎಂಬ ಸಂಗೀತದ ಮೇಷ್ಟರು ಊರೂರು ಸುತ್ತಿ ಕಲಿಸಿದರು. ಫಿನ್‌ಲೆಂಡಿನಲ್ಲಿ ಇದೇ ವಿರ್ಸಿಕಾನ್ನೆಲ್, ಎಸ್ಟೋನಿಯಾದಲ್ಲಿ ಮೋಲ್ಡ್‌ಪಿಲ್.

1825ರಲ್ಲಿ ರೆಸ್ಟೊರೇಷನ್ ಎಂಬ ಪುಟ್ಟ ಹಡಗು ವಲಸಿಗರನ್ನು ಹೊತ್ತು ನಾರ್ವೆಯ ಸ್ಟವಾಂಗರ್‌ನಿಂದ ನ್ಯೂಯಾರ್ಕಿಗೆ ಬಂತು. ಅಲ್ಲಿಂದ ಮುಂದಿನ ನೂರು ವರ್ಷದಲ್ಲಿ ಎಂಟು ಲಕ್ಷದಷ್ಟು ನಾರ್ವೇಜಿಯನ್ನರು, ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವೀಡರು ಅಮೆರಿಕಕ್ಕೆ ಬಂದರು. ಅವರಲ್ಲಿ ಕೆಲವರ ಪೆಟ್ಟಿಗೆಗಳಲ್ಲಿ ಈ ಪೆಟ್ಟಿಗೆಯೂ ಇತ್ತು. ತರದವರು ಇಲ್ಲಿ ಬಂದು ಪೈನ್ ಹಲಗೆಯಲ್ಲಿ ಮಾಡಿಕೊಂಡರು.

ನಿನ್ನೆ ಸ್ಕ್ಯಾಂಡಿಯಾ ಎಂಬ ಊರಿನ ಗಮ್ಮೆಲ್‌ಗಾರ್ಡನ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಮಿನ್ನೆಸೋಟಾದಲ್ಲಿ ಉಳಿದಿರುವ ಲೂಥರನ್ ಚರ್ಚು ಕಟ್ಟಡಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಲ್ಲಿದೆ, 1856ರದು. ಅಷ್ಟು ಚಿಕ್ಕ ಮರದ ಕೋಣೆಯಲ್ಲಿ ನಿಂತಾಗ ಒಂದು ತಂತಿ ಸಾಕಿತ್ತು ಅನ್ನುವುದು ತಾನಾಗಿ ಅರ್ಥವಾಯಿತು.

ನವೆಂಬರ್ 23

ಪೆಟ್ಟಿಗೆ ಆಯಿತು. ಪಕ್ಕದ ಹಲಗೆಗಳು ಬಿಳಿ ಪೈನ್, ಮೇಲ್ಹಲಗೆ ಸ್ಪ್ರೂಸ್, ಕೀಸುಳಿ ಹಿಡಿದು ಮೂರು ಮಿಲಿಮೀಟರಿಗೆ ಇಳಿಸಿದೆ. ಅಂಟಿಗೆ ಪ್ಲಾಸ್ಟಿಕ್ ಡಬ್ಬಿಯ ಬಿಳಿ ಗೋಂದು ಬೇಡ, ಪ್ರಾಣಿಯ ಚರ್ಮ, ಎಲುಬಿನಿಂದ ಮಾಡುವ ಮರವಜ್ರವನ್ನೇ ಬಿಸಿ ಮಾಡಿ ಹಚ್ಚು ಎಂದು ಅಜ್ಜ ಹೇಳಿದ್ದಾರೆ. ಅಜ್ಜ ಅಂದರೆ ಚರ್ಚಿನ ಮರಗೆಲಸದ ಹಿರಿಯ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಎಂಬತ್ತು ಸಮೀಪಿಸಿದವರನ್ನು ಹಾಗೆ ಕರೆಯಲು ನನಗೆ ಬಾಯಿ ಬರದು, ಮನಸ್ಸಿನಲ್ಲೇ ಅಜ್ಜ ಅನ್ನುತ್ತೇನೆ. ವಜ್ರದ ಅಂಟಾದರೆ ಬಿಸಿನೀರು, ಹಬೆ ತಾಗಿಸಿ ನಾಳೆ ಬಿಚ್ಚಬಹುದು ಅನ್ನುವುದು ಅವರ ಲೆಕ್ಕ. ಬಿಚ್ಚುವ ಪ್ರಸಂಗ ಯಾಕೆ ಬರುತ್ತದೆ ಎಂದು ಆಗ ನಕ್ಕಿದ್ದೆ.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. “ಏನೋ ಇದು, ಮಗು ಸತ್ತಾಗ ಹೊರುವ ಪೆಟ್ಟಿಗೆ ಇದ್ದಂಗಿದೆ. ಮೊದಲು ಒಳಗಿಡು ಅದನ್ನ.”

ಡಿಸೆಂಬರ್ 14

ಮೆಟ್ಟು ಕೂರಿಸುವ ಕೆಲಸ. ಇಲ್ಲಿ ಎಡವಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ತಂತಿ ಮಿಡಿಯುವ ಉದ್ದ 630 ಮಿಲಿಮೀಟರ್ ಇಟ್ಟುಕೊಂಡೆ. ಮೊದಲ ಮೆಟ್ಟು ಎಲ್ಲಿ ಅಂದರೆ ಒಟ್ಟು ಉದ್ದವನ್ನು 17.817ರಿಂದ ಭಾಗಿಸಬೇಕು: ಮೇಲ್ತುದಿಯಿಂದ 35.4. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ಅರ್ಧಕ್ಕೆ, 315ಕ್ಕೆ ಬಂದು ನಿಲ್ಲಬೇಕು. ಅಲ್ಲಿ ಮೇಲಿನ ಷಡ್ಜ. ಕಾಗದದ ಮೇಲೆ ನಿಂತಿತು. ಮರದ ಮೇಲೆ 318ಕ್ಕೆ ನಿಂತಿತು.

ಕಾರಣ ಹುಡುಕಲು ಒಂದು ಸಂಜೆ ಹೋಯಿತು. ಪ್ರತಿ ಮೆಟ್ಟನ್ನೂ ಅದರ ಹಿಂದಿನ ಗೀರಿನಿಂದ ಅಳೆದಿದ್ದೆ. ಗೀರು ಹಾಕುವ ಚಾಕುವಿಗೆ ಕಾಲು ಮಿಲಿಮೀಟರ್ ದಪ್ಪ. ಹನ್ನೆರಡು ಗೀರು, ಹನ್ನೆರಡು ಕಾಲು, ಮೂರು ಮಿಲಿಮೀಟರ್. ಎಲ್ಲವನ್ನೂ ಮೇಲ್ತುದಿಯಿಂದಲೇ ಅಳೆಯಬೇಕಿತ್ತು.

ಮೂರು ಮಿಲಿಮೀಟರ್ ಏನು ಮಹಾ ಅನ್ನಬಹುದು. ತಾತ್ಕಾಲಿಕವಾಗಿ ತಂತಿ ಕಟ್ಟಿ ಎಳೆದು ನೋಡಿದೆ. ಮೇಲಿನ ಸ ಅರೆಸ್ವರದ ಆರನೇ ಒಂದು ಪಾಲಿನಷ್ಟು ಏರಿತ್ತು. ಚಿಕ್ಕಂದಿನಲ್ಲಿ ತಂಬೂರಿಯ ಪಕ್ಕ ಕೂರಿಸಿ ಕಿವಿ ಹಿಂಡಿಸಿಕೊಂಡವನು ಅದನ್ನು ಬಿಡಲಾರ. ಹಲಗೆಯನ್ನು ಪೂರ್ತಿ ತೆಗೆದು ಹೊಸದು ಮಾಡಿದೆ. ವಜ್ರದ ಅಂಟು ಹಬೆಗೆ ಬಿಟ್ಟುಕೊಂಡಿತು. ಅಜ್ಜ ಏನೂ ಅನ್ನಲಿಲ್ಲ, ಬರೀ ಕೆಟಲ್ ತಂದು ಮುಂದಿಟ್ಟರು.

ಜನವರಿ 18

ಹೊರಗೆ ಮೈನಸ್ 27 ಸೆಲ್ಸಿಯಸ್. ಒಳಗೆ ಹೀಟರ್ ಉರಿದು ಗಾಳಿ ಹಪ್ಪಳದಂತೆ ಒಣಗಿದೆ. ಬೆಳಿಗ್ಗೆ ಟಪ್ ಎಂದು ಸದ್ದಾಯಿತು. ಮೇಲ್ಹಲಗೆ ಎಳೆಯ ಉದ್ದಕ್ಕೂ ಗೇಣುದ್ದ ಬಿರಿದಿದೆ. ಮರವನ್ನು ಶರತ್ಕಾಲದ ತೇವದಲ್ಲೇ ಬಿಗಿಯಾಗಿ ಅಂಟಿಸಿದ್ದು ತಪ್ಪು. ಸಂದಿಗೆ ತೆಳ್ಳನೆಯ ಸ್ಪ್ರೂಸ್ ಚಕ್ಕೆ ಬೆಣೆಯಂತೆ ತೂರಿಸಿ ಅಂಟಿಸಿದೆ. ಕಾಣುತ್ತದೆ. ಕಾಣಲಿ.

ಫೆಬ್ರವರಿ 8

ಬಿರುಕು ಮುಚ್ಚಲು ರೋಸ್‌ಮಾಲಿಂಗ್ ಮಾಡಿಸೋಣವೇ ಎಂದು ಕೇಳಿದೆ. ನಾರ್ವೆಯ ಆ ಸುರುಳಿ ಬಳ್ಳಿ, ಹೂವಿನ ಚಿತ್ತಾರ ಗೊತ್ತಲ್ಲ? ಮರದ ತಟ್ಟೆಗಳ ಮೇಲೆ, ಪೆಟಾರಿಗಳ ಮೇಲೆ ಇರುತ್ತದೆ. ಟೆಲೆಮಾರ್ಕ್ ಶೈಲಿಯದು ಸಮತೂಕ ಬಿಟ್ಟು ಒಂದು ಕಡೆಗೆ ಹರಿಯುವ ಬಳ್ಳಿ. ರೋಗಲಾಂಡಿನದು ನಡುವೆ ಹೂವಿಟ್ಟು ಎರಡೂ ಕಡೆ ಒಂದೇ ಸಮ.

ಅಜ್ಜ ಬೇಡ ಅಂದರು. “ಇದು ವಾದ್ಯವಲ್ಲ, ಪಾಠದ ಹಲಗೆ. ಸ್ಲೇಟಿಗೆ ಯಾರಾದರೂ ಹೂ ಬರೆಯುತ್ತಾರೆಯೇ?”

ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ರೋಸ್‌ಮಾಲಿಂಗ್ ಅಮೆರಿಕದಲ್ಲಿ ಮತ್ತೆ ಚಿಗುರಿದ ಕಥೆ ಸೊಗಸಾದದ್ದು. ಪೆರ್ ಲೈಸ್ನೆ ಎಂಬಾತ ನಾರ್ವೆಯಿಂದ ಬಂದು ವಿಸ್ಕಾನ್ಸಿನ್ನಿನ ಸ್ಟೌಟನ್ ಊರಿನ ಕುದುರೆಗಾಡಿ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತಿದ್ದ. ಗಾಡಿಗಳ ಕಾಲ ಮುಗಿದ ಮೇಲೆ ತಟ್ಟೆಗಳಿಗೆ ಚಿತ್ತಾರ ಬರೆಯತೊಡಗಿದ, ಅದು ಹಬ್ಬಿತು. ಅಯೋವಾದ ಡೆಕೋರಾದಲ್ಲಿರುವ ವೆಸ್ಟರ್‌ಹೈಮ್ ಮ್ಯೂಸಿಯಂ 1967ರಿಂದ ನಾರ್ವೆಯ ಕಲಾವಿದರನ್ನೇ ಕರೆಸಿ ಪಾಠ ಹೇಳಿಸಿತು. ಇವತ್ತು ಅದಕ್ಕೆ ಸ್ಪರ್ಧೆ ಇದೆ, ಪದಕ ಇದೆ. ನ್ಯೂಯಾರ್ಕಿನ ಅಮೆರಿಕನ್-ಸ್ಕ್ಯಾಂಡಿನೇವಿಯನ್ ಫೌಂಡೇಶನ್ನಿನಂಥ ಸಂಸ್ಥೆಗಳು ಈ ಭಾಗದ ಜನಪದ ಕಲೆಗಳಿಗೆ ಅನುದಾನವನ್ನೂ ಕೊಡುತ್ತವೆ. ಸುಪೀರಿಯರ್ ಸರೋವರದ ದಂಡೆಯ ಗ್ರ್ಯಾಂಡ್ ಮರೈನಲ್ಲಿ ನಾರ್ತ್ ಹೌಸ್ ಎಂಬ ಜನಪದ ಶಾಲೆ 1997ರಿಂದ ದೋಣಿ ಕಟ್ಟುವುದನ್ನೂ ಚಮಚ ಕೆತ್ತುವುದನ್ನೂ ಕಲಿಸುತ್ತಿದೆ. ಎಲ್ಲವೂ ಬೇಕಾದ್ದೇ.

ಆದರೆ ಗೋಡೆಗೆ ತೂಗುಹಾಕಬಹುದಾದ್ದು ಬೇಗ ಬದುಕಿಕೊಳ್ಳುತ್ತದೆ ಅನ್ನುವುದು ನನ್ನ ಗುಮಾನಿ. ಚಿತ್ತಾರದ ತಟ್ಟೆಯನ್ನು ಒಬ್ಬಳೇ ಕೂತು ಬರೆಯಬಹುದು, ಮಾರಬಹುದು, ಉಡುಗೊರೆ ಕೊಡಬಹುದು. ಸಾಲ್ಮೊಡಿಕಾನ್ ನೋಡಲು ಪೆಟ್ಟಿಗೆ. ಅದಕ್ಕೆ ಜೀವ ಬರುವುದು ಇಪ್ಪತ್ತು ಜನ ಸೇರಿ ಹಾಡಿದಾಗ, ಅದೂ ಒಂದು ಭಾಷೆಯಲ್ಲಿ. ಆ ಭಾಷೆಗೆ ಏನಾಯಿತು? 1918ರ ಮೇ ತಿಂಗಳಲ್ಲಿ, ಯುದ್ಧದ ಬಿಸಿಯಲ್ಲಿ, ಪಕ್ಕದ ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದು ಎಂದು ಆಜ್ಞೆ ಹೊರಡಿಸಿದ್ದ. ಸಿಟ್ಟು ಜರ್ಮನ್ನರ ಮೇಲೆ, ಪೆಟ್ಟು ನಾರ್ವೇಜಿಯನ್ನರಿಗೂ ಡೇನರಿಗೂ ಬಿತ್ತು. ಮಿನ್ನೆಸೋಟಾದ ಸ್ವೀಡಿಷ್ ಚರ್ಚುಗಳೂ 1920ರ ದಶಕದಲ್ಲಿ ಒಂದೊಂದಾಗಿ ಇಂಗ್ಲಿಷಿಗೆ ಹೊರಳಿದವು. ಅದನ್ನು ಯಾರೂ ಬಲವಂತವಾಗಿ ಮಾಡಿಸಬೇಕಾಗಲಿಲ್ಲ, ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ ಅಷ್ಟೇ. ನನ್ನ ಮಗಳು ಅಜ್ಜಿಯೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿದರೆ ಇದು ಹೇಗೆ ಆಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ವಾದ್ಯವನ್ನು ಕೊಂದದ್ದು ಮಾತ್ರ ಭಾಷೆಯಲ್ಲ, ಕಾಲಿನಲ್ಲಿ ತುಳಿಯುವ ರೀಡ್ ಆರ್ಗನ್. ಅಗ್ಗವಾಗಿ ಮನೆಮನೆಗೆ ಬಂತು. ನಮ್ಮೂರಿನ ಭಜನೆಮನೆಯ ಹಾರ್ಮೋನಿಯಂ ಕೂಡ ಅದೇ ಬಳಗದ್ದು. ಅಲ್ಲಿ ನನ್ನನ್ನು ಸಂಗೀತಕ್ಕೆ ಎಳೆದದ್ದು ಇಲ್ಲಿ ಈ ಪೆಟ್ಟಿಗೆಯನ್ನು ಬೀರುವಿನ ಮೇಲಕ್ಕೆ ಕಳಿಸಿತ್ತು!

ಚಿತ್ತಾರ ಬೇಡವೆಂದೇ ತೀರ್ಮಾನವಾಯಿತು. ಲಿನ್‌ಸೀಡ್ ಎಣ್ಣೆ ಎರಡು ಸಲ.

ಮಾರ್ಚ್ 8

ತಂತಿ ಕಟ್ಟಿದೆ. ಹಳೆಯದಕ್ಕೆ ಪ್ರಾಣಿಯ ಕರುಳಿನ ತಂತಿ ಇರುತ್ತಿತ್ತು, ನಾನು ಚೆಲ್ಲೋದ ಡಿ ತಂತಿ ಹಾಕಿದೆ. ಕಮಾನು ಮಕ್ಕಳ ಪಿಟೀಲಿನದು, ರಾಳ ಧಾರಾಳವಾಗಿ. ಮೇಜಿನ ಮೇಲೆ ಅಡ್ಡ ಮಲಗಿಸಿ ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ಎಳೆಯುವುದು. ದನಿ ನೆಗಡಿಯಾದ ಚೆಲ್ಲೋದಂತಿದೆ. ನನಗೆ ಇಷ್ಟವಾಯಿತು.

ಅಂಕಿ ಓದುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. 1 3 5 ಅಂದರೆ ಸ ಗ ಪ. ಮೆಟ್ಟುಗಳು ಹನ್ನೆರಡೂ ಇವೆ, ಅಂಕಿ ಏಳಕ್ಕೆ ಮಾತ್ರ. ಶಂಕರಾಭರಣದ ಏಳು ಮನೆಗಳು. ಬೇರೆ ಎತ್ತರದಲ್ಲಿ ಹಾಡಬೇಕಾದರೆ ಡಿಲ್ನರನ ಜಾಣತನ ನೋಡಿ: ಅಂಕಿ ಬರೆದ ಬೇರೆ ಪಟ್ಟಿಯನ್ನು ಮೆಟ್ಟುಗಳ ಪಕ್ಕಕ್ಕೆ ಇಟ್ಟರಾಯಿತು. 1 ಜರುಗುತ್ತದೆ, ಅದರ ಹಿಂದೆ ಉಳಿದ ಆರೂ ಜರುಗುತ್ತವೆ. ಶ್ರುತಿ ಬದಲು, ರಾಗ ಅದೇ. ನುಡಿಸುವವನು ಯಾವ ಸ್ಕೇಲು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಾಸ್‌ವುಡ್ ಪಟ್ಟಿಗಳಲ್ಲಿ ಅಂಥ ಮೂರು ಮಾಡಿದ್ದೇನೆ. ಆರನ್ನು ತಲೆಕೆಳಗೆ ಇಟ್ಟು ಒಂಬತ್ತು ಎಂದು ಓದಿದ್ದೂ ಆಯಿತು.

ಒಂದು ತೊಂದರೆ. ಬೆರಳು ಸುಮ್ಮನಿರುವುದಿಲ್ಲ. 3ರ ಮೇಲೆ ನಿಲ್ಲು ಅಂದರೆ ಗಾಂಧಾರ ತಾನಾಗಿ ತೂಗುತ್ತದೆ. ಕಾಯಿರ್ ನಡೆಸುವಾಕೆ ಎರಡು ಸಾಲು ಕೇಳಿ, “ನಮ್ಮ ಕೀರ್ತನೆಗೆ ಚಳಿಜ್ವರ ಬಂದಿದೆಯಾ?” ಅಂದರು. ಗಮಕವಿಲ್ಲದೆ ಸ್ವರವನ್ನು ಗೂಟ ಹೊಡೆದಂತೆ ನಿಲ್ಲಿಸುವುದೇ ಐದು ತಿಂಗಳಲ್ಲಿ ಕಲಿತ ಎಲ್ಲಕ್ಕಿಂತ ಕಷ್ಟದ ಪಾಠ.

ಏಪ್ರಿಲ್ 19

ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕಾಫಿ. ಹತ್ತೊಂಬತ್ತು ಜನ. ಸ್ವೀಡಿಷ್ ಸಾಲುಗಳನ್ನು ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಳೆ ಹಂಚಿದ್ದರು. ನಾವು ಮಕ್ಕಳಿಗೆ ಶ್ಲೋಕ ಬರೆದುಕೊಡುತ್ತೇವಲ್ಲ, ಹಾಗೆಯೇ. ಅರ್ಥ ಗೊತ್ತಿದ್ದದ್ದು ಇಬ್ಬರಿಗೆ. ಮಟ್ಟು ಗೊತ್ತಿದ್ದದ್ದು ಅಜ್ಜನಿಗೆ ಮಾತ್ರ, ಅದೂ ಅರೆಬರೆ.

ಮೊದಲ ಚರಣ ನಾನೊಬ್ಬನೇ ಎಳೆದೆ. ಎರಡನೆಯದಕ್ಕೆ ಕೆಲವರು ಗುನುಗಿದರು, ತಪ್ಪಿದಲ್ಲಿ ತಂತಿಯ ಕಡೆ ಕಿವಿ ಕೊಟ್ಟು ಸರಿಮಾಡಿಕೊಂಡರು. ಮೂರನೆಯದರ ನಡುವೆ ರಾಳ ಸಾಲದೆ ಕಮಾನು ಜಾರಿ ಸದ್ದು ನಿಂತೇಹೋಯಿತು. ನಾನು ಗಾಬರಿಯಿಂದ ತಲೆಯೆತ್ತಿದರೆ ಅವರು ಹಾಡುತ್ತಲೇ ಇದ್ದರು, ನನ್ನ ಕಡೆ ನೋಡಲೂ ಇಲ್ಲ. ಅಜ್ಜ ಮಾತ್ರ ನೋಡಿ, ಸಾಕು ಎಂಬಂತೆ ಕೈಯಾಡಿಸಿದರು.

ಆಮೇಲೆ ಬಂದು ಪೆಟ್ಟಿಗೆ ತಿರುಗಿಸಿ ನೋಡಿ, ನಾಲ್ಕನೇ ಮೆಟ್ಟು ಗುಂಯ್ ಅನ್ನುತ್ತಿದೆ, ಕೂದಲೆಳೆಯಷ್ಟು ಉಜ್ಜು ಅಂದರು. ಬೀರುವಿನ ಮೇಲಿದ್ದ ಹಳೆಯದನ್ನೂ ಕೆಳಗಿಳಿಸಿ ಒರೆಸಿದ್ದಾರೆ, ತಂತಿ ತರಿಸಬೇಕಂತೆ. ಎರಡನೆಯದಕ್ಕೆ ಹಲಗೆ ಕತ್ತರಿಸಿಟ್ಟಿದ್ದೇನೆ. ಈ ಸಲ ಮೇಲ್ಹಲಗೆ ಅಂಟಿಸುವುದು ಜನವರಿಯ ಒಣಹವೆಯಲ್ಲಿ, ಮೆಟ್ಟು ಅಳೆಯುವುದು ಮೇಲ್ತುದಿಯಿಂದ.