ಕೋರ್ಟ್ ಮೆಟ್ಟಿಲು ಹತ್ತದಂಗ ಬಗಿಹರೀತೈತೇನ್ರಿ?

ಬಳ್ಳಾರಿಯಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆಯಾದ ನನ್ನನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಗಳ ಶಾಲೆಯ ಗೇಟಿನ ಮುಂದೆ ಜನ ತಡೆದು ಕೇಳುವುದು ಒಂದೇ ಪ್ರಶ್ನೆ: "ಮೇಡಮ್ಮಾರೆ, ಕೋರ್ಟ್ ಮೆಟ್ಟಿಲು ಹತ್ತದಂಗ ಇದು ಬಗಿಹರೀತೈತೇನ್ರಿ?" ಕೇಳುವವರು ಹೆಚ್ಚಾಗಿ ತಂದೆ, ತಾಯಿ ಇಲ್ಲವೇ ಅಣ್ಣ. ಸಂಕಟದಲ್ಲಿರುವ ಮಗಳೋ ತಮ್ಮನೋ ಮನೆಯಲ್ಲಿ ಮಾತು ಬಿಟ್ಟು ಕುಳಿತಿರುತ್ತಾರೆ.

ಜಗಳವನ್ನು ಕೋರ್ಟಿನ ಹೊರಗೆ ಬಗೆಹರಿಸಿಕೊಳ್ಳಬಹುದು, ಆದರೆ ವಿಚ್ಛೇದನಕ್ಕೆ ಕೋರ್ಟಿನ ಡಿಕ್ರಿ ಬೇಕೇ ಬೇಕು ಎಂಬುದು ನನ್ನ ಉತ್ತರ. ಎರಡನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಡೆ ಇಂದಿಗೂ ಹಿರಿಯರು ಕೂಡಿ, ಬಾಂಡ್ ಪೇಪರಿನ ಮೇಲೆ "ನಮಗೂ ಇವರಿಗೂ ಸಂಬಂಧವಿಲ್ಲ" ಎಂದು ಬರೆಸಿ, ಇಬ್ಬರಿಂದಲೂ ಸಹಿ ಮಾಡಿಸಿ ಕಳುಹಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಸಮುದಾಯದ ರೂಢಿಯ ವಿಚ್ಛೇದನವನ್ನು ಉಳಿಸಿದೆಯಾದರೂ, ಅಂಥ ರೂಢಿ ಇದೆಯೆಂದು ಸಾಬೀತುಪಡಿಸುವ ಹೊಣೆ ಅದನ್ನು ಹೇಳುವವರದೇ. ಆ ಕಾಗದವನ್ನು ನಂಬಿ ಮರುಮದುವೆಯಾಗಿ, ವರ್ಷಗಳ ನಂತರ ಆಸ್ತಿಯ ಪ್ರಶ್ನೆ ಬಂದಾಗ ತಾನು ಯಾರ ಹೆಂಡತಿ ಎಂಬುದನ್ನೇ ರುಜುವಾತು ಮಾಡಬೇಕಾಗಿ ಬಂದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ.

ಇನ್ನು ಜಗಳದ ಮಾತು. 1990ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಸ್ಟುವರ್ಟ್ ವೆಬ್ ಎಂಬ ವಕೀಲರು, ಇನ್ನು ಮುಂದೆ ದಂಪತಿಗಳ ಪರವಾಗಿ ರಾಜಿಯ ಮೇಜಿನಲ್ಲಷ್ಟೇ ಕೂರುತ್ತೇನೆ, ಅವರ ವ್ಯಾಜ್ಯವನ್ನು ನ್ಯಾಯಾಲಯದಲ್ಲಿ ನಡೆಸುವುದಿಲ್ಲ ಎಂದು ತೀರ್ಮಾನಿಸಿದರು. ಸಹಯೋಗದ ಕುಟುಂಬ ಕಾನೂನು ಎಂಬ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಗಂಡನಿಗೊಬ್ಬರು, ಹೆಂಡತಿಗೊಬ್ಬರು ವಕೀಲರಿರುತ್ತಾರೆ. ನಾಲ್ವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಆದಾಯ, ಆಸ್ತಿ, ಸಾಲಗಳನ್ನು ಮುಚ್ಚಿಡದೆ ತೋರಿಸುತ್ತಾರೆ. ಬೇಕಾದರೆ ಮಕ್ಕಳ ಆಪ್ತಸಮಾಲೋಚಕರನ್ನೋ ಲೆಕ್ಕಪತ್ರ ಬಲ್ಲವರನ್ನೋ ಕರೆಯುತ್ತಾರೆ. ಇದರ ತಿರುಳು ಮೊದಲ ದಿನವೇ ಸಹಿಯಾಗುವ ಒಂದು ಷರತ್ತಿನಲ್ಲಿದೆ: ಮಾತುಕತೆ ಮುರಿದು ವ್ಯಾಜ್ಯಕ್ಕೆ ಹೋದರೆ, ಇಬ್ಬರು ವಕೀಲರೂ ಹಿಂದೆ ಸರಿಯಬೇಕು, ದಂಪತಿ ಹೊಸ ವಕೀಲರನ್ನು ಹುಡುಕಿಕೊಳ್ಳಬೇಕು. ಜಗಳ ಬೆಳೆದರೆ ವಕೀಲರಿಗೂ ನಷ್ಟವೇ ಆಗುವಂತೆ ಕಟ್ಟಿದ ಏರ್ಪಾಡು ಇದು. ಮಧ್ಯಸ್ಥಿಕೆಯಲ್ಲಿ ನಡುವೆ ಕೂರುವವರು ಯಾರ ಪಕ್ಷವೂ ಅಲ್ಲ. ಇಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಅವರ ಹಿತ ಕಾಯುವವರು ಒಬ್ಬರಿರುತ್ತಾರೆ. ಅತ್ತೆಮನೆಯವರ ಎದುರು ಬಾಯಿ ತೆರೆಯಲು ಹಿಂಜರಿಯುವ ನಮ್ಮ ಊರುಗಳ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಭಾರತದಲ್ಲಿ ಈ ಪದ್ಧತಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ, ಆದರೆ ಕಾನೂನಿನ ಒಲವು ಇದೇ ದಿಕ್ಕಿನಲ್ಲಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ರಾಜಿಗೆ ಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಸಿದೆ. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆಯೂ ಬಂದಿದೆ. ಹೀಗಾಗಿ ನಾವು ಕೆಲವರು ಆ ಷರತ್ತನ್ನು ಒಪ್ಪಂದದ ರೂಪದಲ್ಲಿ ಬರೆದುಕೊಂಡು ಈ ರೀತಿ ಕೂರುತ್ತೇವೆ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಆಕೆ ಬಳ್ಳಾರಿಯಲ್ಲಿ ಶಿಕ್ಷಕಿ. ಆತ ಗಂಗಾವತಿ ಕಡೆಯ ಭತ್ತದ ರೈತ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಜಮೀನು. ಏಳು ವರ್ಷದ ಮಗ ತಾಯಿಯ ಬಳಿ ಇದ್ದ. ಮೊದಲ ಭೇಟಿಯಲ್ಲಿ ಆಕೆ ತಿಂಗಳಿಗೆ ಇಷ್ಟು ಜೀವನಾಂಶ ಬೇಕೆಂದರು, ಆತ ಪಹಣಿಯನ್ನು ಮೇಜಿನ ಮೇಲಿಟ್ಟು, "ನನಗೇನು ತಿಂಗಳಾ ತಿಂಗಳಾ ಪಗಾರ ಬರತೈತೇನ್ರಿ?" ಎಂದರು. ಅದು ತಪ್ಪಿಸಿಕೊಳ್ಳುವ ಮಾತೆಂದು ಆಕೆಗೆ ಅನ್ನಿಸಿತು, ನಿಜ ಹೇಳಬೇಕೆಂದರೆ ನನಗೂ. ಆದರೆ ಅವರ ವಕೀಲರು ಅಕ್ಕಿ ಗಿರಣಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ಗೊಬ್ಬರದಂಗಡಿಯ ಉದ್ರಿ ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿದಾಗ ಚಿತ್ರ ಸ್ಪಷ್ಟವಾಯಿತು: ವರ್ಷಕ್ಕೆ ಎರಡೇ ಬಾರಿ, ರಾಶಿಯಾದ ಮೇಲೆ ಹಣ ಬರುತ್ತದೆ, ಡ್ಯಾಮು ತುಂಬದೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಒಂದೇ ಬಾರಿ. ತಿಂಗಳ ಕಂತಿನ ಆದೇಶವಾಗಿದ್ದರೆ ಆತ ನಾಲ್ಕನೇ ತಿಂಗಳಿಗೆ ಬಾಕಿ ಬೀಳುತ್ತಿದ್ದರು, ಆಕೆ ವಸೂಲಿ ಅರ್ಜಿ ಹಾಕುತ್ತಿದ್ದರು, ಮಗನ ಭೇಟಿಯೂ ಅಲ್ಲಿಗೆ ನಿಲ್ಲುತ್ತಿತ್ತು. ಕೊನೆಗೆ ಶಾಲೆಯ ಫೀ ಮತ್ತು ಔಷಧದ ಖರ್ಚಿಗಾಗುವಷ್ಟು ಸಣ್ಣ ಮೊತ್ತವನ್ನು ತಿಂಗಳಿಗೂ, ದೊಡ್ಡ ಭಾಗವನ್ನು ಎರಡು ರಾಶಿಗಳ ನಂತರವೂ ಕೊಡುವುದೆಂದು, ಕಾಲುವೆಗೆ ನೀರು ಬರದ ವರ್ಷ ಎಷ್ಟೆಂಬುದನ್ನೂ ಸೇರಿಸಿ ಬರೆದೆವು. ತಾಯಿ ತನ್ನ ಜೀವನಾಂಶವನ್ನು ಬಿಟ್ಟುಕೊಡಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡಲಾರಳು ಎಂಬುದನ್ನು ಇಬ್ಬರಿಗೂ ಮೊದಲೇ ತಿಳಿಸಿದ್ದೆವು.

ಹಣಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮಗನ ದಿನಗಳ ಲೆಕ್ಕ. ಮೇಜಿನ ಮೇಲೆ ಗೋಡೆಯ ಕ್ಯಾಲೆಂಡರನ್ನೇ ಹಾಸಿ, ಅಪ್ಪನ ದಿನಗಳಿಗೆ ಹಸಿರು, ಅವ್ವನ ದಿನಗಳಿಗೆ ಕೆಂಪು ಗೆರೆ ಎಳೆದೆವು. ದಸರಾ ರಜೆ ಅರ್ಧರ್ಧ. ಉಗಾದಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಜನವರಿಯ ಕೊಪ್ಪಳ ಗವಿಮಠದ ಜಾತ್ರೆಗೆ ಮಾತ್ರ ಮೊಮ್ಮಗ ಪ್ರತಿ ವರ್ಷವೂ ಬರಬೇಕೆಂದು ಅಜ್ಜಿ ಹೇಳಿಕಳುಹಿಸಿದ್ದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ತೇರು ನೋಡಾಕ ಹೋಗಲಿ ಬಿಡ್ರಿ, ಅಂವಗೂ ಖುಷಿ" ಎಂದು ತಾವೇ ಹಸಿರು ಪೆನ್ನು ತೆಗೆದುಕೊಂಡು ಗೆರೆ ಎಳೆದರು. ಮಗನನ್ನು ಕಂಪ್ಲಿ ಬಸ್ ನಿಲ್ದಾಣದಲ್ಲಿ ಕೈಬದಲಾಯಿಸುವುದೆಂದು ನಿಶ್ಚಯವಾದಾಗ, ಹೊಳೆ ಬಂದರೆ ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿಯ ದಾರಿ ಕಟ್ಟಾಗುತ್ತದೆ. ಅದಕ್ಕೂ ಒಂದು ಸಾಲು ಸೇರಿತು: ಸೇತುವೆ ಮುಳುಗಿದ ವಾರದ ಭೇಟಿ ಮುಂದಿನ ವಾರಕ್ಕೆ ಹೋಗುತ್ತದೆ, ಆ ಸಂಜೆ ವೀಡಿಯೊ ಕರೆ ಇರುತ್ತದೆ, ಅದನ್ನು ಯಾರೂ ತಪ್ಪೆಂದು ಎಣಿಸಬಾರದು. ನೂರಾರು ಪ್ರಕರಣಗಳ ಹೊರೆ ಹೊತ್ತ ನ್ಯಾಯಾಧೀಶರಿಂದ ಇಂಥ ಸಾಲನ್ನು ನಿರೀಕ್ಷಿಸುವುದೇ ತಪ್ಪು. ಆ ಸೇತುವೆ ದಾಟುವವರಿಗಷ್ಟೇ ಅದು ಹೊಳೆಯುತ್ತದೆ.

ಇದಾದ ಮೇಲೂ ಕೋರ್ಟಿಗೆ ಹೋದೆವು, ಹೊಡೆದಾಡಲಿಕ್ಕಲ್ಲ. ಒಂದು ವರ್ಷ ಬೇರೆ ಬೇರೆ ಇದ್ದವರು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಸಮ್ಮತಿಯ ಅರ್ಜಿ ಹಾಕಬಹುದು. ಅದರ ನಂತರದ ಆರು ತಿಂಗಳ ಕಾಯುವಿಕೆಯನ್ನು, ಎಲ್ಲ ವಿಷಯಗಳೂ ನಿಜವಾಗಿ ಇತ್ಯರ್ಥವಾಗಿದ್ದಂಥ ಸಂದರ್ಭಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಡಿಕ್ರಿಯಾಗುವವರೆಗೆ ಒಬ್ಬರು ಸಮ್ಮತಿ ಹಿಂಪಡೆಯಲೂಬಹುದು. ಆದ್ದರಿಂದ ಒಪ್ಪಿಗೆಯನ್ನು ಯಾರ ಬಾಯಿಂದಲೂ ಬಲವಂತವಾಗಿ ಹೊರಡಿಸಬಾರದು. ಮಗುವಿನ ಏರ್ಪಾಡು ಡಿಕ್ರಿಯಾದ ಮೇಲೂ ಬದಲಾಗಬಹುದು. ಏಳು ವರ್ಷದವನಿಗೆ ಹೊಂದಿದ್ದು ಹದಿನಾಲ್ಕರವನಿಗೆ ಹೊಂದಬೇಕೆಂದಿಲ್ಲ, ಮಗುವಿನ ಹಿತವೇ ಮೊದಲು ಎಂದು ಕಾನೂನೂ ಹೇಳುತ್ತದೆ.

ಎಲ್ಲರಿಗೂ ಈ ದಾರಿಯನ್ನು ನಾನು ಹೇಳುವುದಿಲ್ಲ. ಹೊಡೆತ, ಬೆದರಿಕೆ ಇರುವ ಮನೆಯ ಹೆಣ್ಣುಮಗಳನ್ನು ಹೊಡೆದವನ ಎದುರಿಗೆ ಕೂರಿಸಿ "ಇಬ್ಬರೂ ಸ್ವಲ್ಪ ತಗ್ಗಿ" ಎನ್ನುವುದು ಅನ್ಯಾಯ. ಮೊದಲ ಭೇಟಿಯಲ್ಲಿ ಆಕೆಯನ್ನು ಒಬ್ಬಳನ್ನೇ ಕೂರಿಸಿಕೊಂಡು, ತಂದೆ-ತಾಯಿಯನ್ನೂ ಹೊರಗೆ ಕಳುಹಿಸಿ ಕೇಳುತ್ತೇನೆ. ಹೌದೆಂದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶ ಕೋರುವುದೇ ಮೊದಲ ಕೆಲಸ. ಆಸ್ತಿ ಬಚ್ಚಿಡುವವರ ಜೊತೆಗೂ ಈ ಮೇಜು ನಡೆಯುವುದಿಲ್ಲ. ಅಲ್ಲಿ ಪ್ರಮಾಣಪತ್ರದ ಮೇಲೆ ಆಸ್ತಿ-ಸಾಲಗಳ ವಿವರ ಕೇಳುವ ಕೋರ್ಟೇ ಬೇಕು.

ಖರ್ಚಿನ ಚಿಂತೆಯಿರುವವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು; ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ನನ್ನ ಬಳಿಗೇ ಬರುವವರು ಪಗಾರದ ಚೀಟಿ, ಪಹಣಿ, ಪಾಸ್‌ಬುಕ್, ಬಂಗಾರದ ರಸೀದಿಗಳ ಜೊತೆಗೆ ಮಗುವಿನ ಶಾಲೆಯ ರಜಾಪಟ್ಟಿಯನ್ನೂ ತರಬೇಕು. ಮೊದಲು ಬಿಡಿಸಿ ನೋಡುವುದು ನಾನು ಅದನ್ನೇ.