ಮಗಳು ಬಂತು

"ದೊಡ್ಡಪ್ಪ, ಮಗಳು ಬಂತು!" ಅಂತ ಕೂಗಿದೆ. ಮೊನ್ನೆ ಭಾನುವಾರ, ಶಿರಸಿ ಹತ್ತಿರದ ಊರ ಮನೆಯಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳಿಗೂ 'ಬಂತು' ಅಂತಲೇ ಹೇಳುವುದು. ದೊಡ್ಡಪ್ಪ ಗಾಬರಿಯಿಂದ ಆಕಾಶ ನೋಡಿದರು. ಅಂಗಳದಲ್ಲಿ ಹರವಿದ್ದ ಚಾಲಿ ಅಡಿಕೆಯನ್ನು ಎರಡೂ ಕೈಯಿಂದ ಬಾಚಿ ರಾಶಿ ಮಾಡತೊಡಗಿದರು. ಅವರಿಗೆ ಕೇಳಿದ್ದು 'ಮಳೆ ಬಂತು'.

ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. ಎಂಬತ್ತರ ಹತ್ತಿರದ ಜೀವ ಬಗ್ಗಿ ಅಡಿಕೆ ಬಾಚುವಾಗ ನಗುವುದು ಎಂಥದು?

ಮಗಳು ನಗಲಿಲ್ಲ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದುತ್ತಾಳೆ. "ಅಜ್ಜನ ಕಿವಿ ಹೋಗಿದ್ದು ಯಾವಾಗ?" ಅಂದಳು. ಪ್ರಾಯದಲ್ಲಿ ಕ್ಷಯ ಬಂದು, ಎರಡು ತಿಂಗಳು ದಿನಾ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಆದಮೇಲೆ. ಕತ್ತಲಾದರೆ ಈಗಲೂ ಗೋಡೆ ಹಿಡಿದೇ ನಡೆಯುತ್ತಾರೆ. ಆ ಡಾಕ್ಟರನ್ನು ದೂರಲಾರೆ, ಬದುಕಿಸಿದರು. ಕಿವಿಯ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.

ಜಗಲಿಯಲ್ಲಿ ಕೂತು ಅವಳು ಬಿಡಿಸಿ ಹೇಳಿದಳು. ಬ್ಯಾಕ್ಟೀರಿಯಾದ ರೈಬೋಸೋಮ್ ಆರ್‌ಎನ್‌ಎ ಅಕ್ಷರಗಳನ್ನು ಮೂರು ಮೂರಾಗಿ ಓದಿ ಪ್ರೋಟೀನ್ ಕಟ್ಟುತ್ತದೆ. ಸಾವಿರದಿಂದ ಹತ್ತು ಸಾವಿರಕ್ಕೆ ಒಂದು ತಪ್ಪು, ಅಷ್ಟೇ. ಸ್ಟ್ರೆಪ್ಟೋಮೈಸಿನ್ ಆ ಓದುವ ಜಾಗದ ಪಕ್ಕವೇ ಅಂಟಿಕೊಂಡರೆ ತಪ್ಪು ಜಾಸ್ತಿ. 1964ರಲ್ಲಿ ಡೇವಿಸ್, ಗಿಲ್ಬರ್ಟ್, ಗೊರಿನಿ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಬರೀ 'ಯು' ಅಕ್ಷರದ ಆರ್‌ಎನ್‌ಎಗೆ ಫಿನೈಲ್‌ಅಲನೈನ್ ಎಂಬ ಪ್ರೋಟೀನಿನ ತುಣುಕು ಸೇರಬೇಕು. ಔಷಧ ಹಾಕಿದಾಗ ಐಸೋಲ್ಯೂಸಿನ್ ಎಂಬ ಬೇರೆ ತುಣುಕು ಸೇರಿತು. ಒಂದಕ್ಷರ ತಪ್ಪಿ ಓದಿದ ಹಾಗೆ. ಕೆಟ್ಟ ಪ್ರೋಟೀನು ಬ್ಯಾಕ್ಟೀರಿಯಾದ ಪೊರೆ ಸೇರಿದರೆ ಪೊರೆಯೇ ಸೋರುತ್ತದೆ, ಔಷಧ ಇನ್ನೂ ಒಳನುಗ್ಗುತ್ತದೆ.

ನನ್ನ ತಲೆಯಲ್ಲಿ ಮತ್ತೆ ಅದೇ. ಮಗಳು ಬಂತು, ಮಳೆ ಬಂತು.

"ನಮ್ಮ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯದ ರೈಬೋಸೋಮೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ ಅಪ್ಪ. ಕೆಲವರಲ್ಲಿ ಅಲ್ಲೊಂದು ಅಕ್ಷರ ಬದಲಾಗಿ ಹೋಲಿಕೆ ಮತ್ತೂ ಜಾಸ್ತಿ ಇರುತ್ತದೆ. ಅಂಥವರಿಗೆ ಸ್ವಲ್ಪ ಔಷಧಕ್ಕೇ ಕಿವಿ ಹೋಗಬಹುದು. ಅದು ಬರುವುದು ತಾಯಿಯಿಂದ."

ಎದೆ ಧಸಕ್ಕೆಂದಿತು. ದೊಡ್ಡಪ್ಪನ ತಾಯಿ, ನಮ್ಮಜ್ಜಿಯ ಅಣ್ಣನಿಗೂ ಕಿವಿ ಕೇಳುತ್ತಿರಲಿಲ್ಲ. ಹಾಗಿದ್ದರೆ ಚಿಂತೆ ನನ್ನ ಮಕ್ಕಳದ್ದಲ್ಲ, ದೊಡ್ಡಪ್ಪನ ತಂಗಿ ಕುಮಟೆಯ ಅತ್ತೆಯ ಮಕ್ಕಳು, ಅವರ ಹೆಣ್ಣುಮಕ್ಕಳ ಮಕ್ಕಳದ್ದು.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಯಾರಿಗಾದರೂ ಸ್ಟ್ರೆಪ್ಟೋಮೈಸಿನ್ ಜಾತಿಯದೇ ಔಷಧ ಜೆಂಟಾಮೈಸಿನ್, ಅಮಿಕಾಸಿನ್ ಕೊಡುವುದಾದರೆ ದೊಡ್ಡಪ್ಪನ ಕಥೆಯನ್ನು ಡಾಕ್ಟರಿಗೆ ಮೊದಲೇ ಹೇಳಿ ಅಂದೆ. ಎರಡು ಸಲ ಹೆಸರು ಕೇಳಿ ಬರೆದುಕೊಂಡರು. "ಅಣ್ಣ ಎಂತ ಮಾಡ್ತಾ ಇದ್ದ ಈಗ?" ಅಂದರು.

ನೋಡಿದೆ. ಅಡಿಕೆ ರಾಶಿಯ ಪಕ್ಕ ಮಗಳು ಅವರೆದುರು ಕುಕ್ಕರಗಾಲಲ್ಲಿ ಕೂತಿದ್ದಳು. ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳುತ್ತಿದ್ದಳು, "ಅಜ್ಜ, ನಾನು ಬಂದೆ."